ಮಕ್ಕಳನ್ನು ಕೊಂದವರು ಯಾರು?
ಕ್ರಿ.ಪೂ. 431ರಲ್ಲಿ ಅಥೆನ್ಸಿನ ಡಯೊನೈಸಸ್ ಉತ್ಸವದ ದುರಂತನಾಟಕ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಮೂರನೆಯ ಸ್ಥಾನ ಬಂತು. ಕಣದಲ್ಲಿದ್ದವರೇ ಮೂವರು! ಈಸ್ಕಿಲಸನ ಮಗ ಯೂಫೋರಿಯನ್ ಗೆದ್ದ, ಸೋಫೊಕ್ಲೀಸ್ ಎರಡನೆಯವನಾದ. ಯೂಫೋರಿಯನ್ನನ ಹೆಸರನ್ನು ಇಂದು ಕೇಳಿದವರೆಷ್ಟು ಮಂದಿ? ಸೋತವನ ‘ಮೆಡೀಯಾ’ ಮಾತ್ರ ಇನ್ನೂ ರಂಗದ ಮೇಲಿದೆ. ಚಿನ್ನದ ಟಗರಿನ ತೊಗಲು ದಕ್ಕಿಸಿಕೊಟ್ಟು, ತವರನ್ನೇ ತೊರೆದು ಬಂದ ಹೆಂಡತಿ ಮೆಡೀಯಾಳನ್ನು ಕೈಬಿಟ್ಟು ಜೇಸನ್ ಕೊರಿಂಥದ ರಾಜಕುಮಾರಿಯ ಕೈಹಿಡಿಯುತ್ತಾನೆ. ಮೆಡೀಯಾ ಕಳಿಸಿದ ವಿಷದ ಉಡುಗೆ ತೊಟ್ಟ ವಧು ಉರಿದು ಸಾಯುತ್ತಾಳೆ; ಮಗಳ ಹೆಣ ತಬ್ಬಿದ ರಾಜ ಎಷ್ಟು ಒದ್ದಾಡಿದರೂ ಬಿಡಿಸಿಕೊಳ್ಳಲಾರ. ಸರಿ, ಜೇಸನ್-ಮೆಡೀಯಾರ ಮಕ್ಕಳ ಸಾವು? ಹಳೆಯ ಒಂದು ಕಥೆಯಲ್ಲಿ ಅವರನ್ನು ಕೊಂದವರು ಕೊರಿಂಥದ ಜನ. ಇನ್ನೊಂದರಲ್ಲಿ ಮಕ್ಕಳನ್ನು ಅಮರರಾಗಿಸಲು ಹೋಗಿ ತಾಯಿಯೇ ಕಳೆದುಕೊಳ್ಳುತ್ತಾಳೆ. ಬೇಕೆಂದೇ ಕೊಲ್ಲುವ ತಾಯಿ ಬಹುಶಃ ಯೂರಿಪಿಡೀಸನದೇ ಸೃಷ್ಟಿ. ಕೊರಿಂಥದವರಿಂದ ಐದು ಟ್ಯಾಲೆಂಟ್ ಹಣ ಪಡೆದು ಕಥೆ ತಿರುಚಿದನೆಂಬ ಗಾಳಿಮಾತೂ ಹಿಂದೆ ಹಬ್ಬಿತ್ತು. ನಾನಂತೂ ನಂಬುವುದಿಲ್ಲ; ಲಂಚ ತಿಂದ ಕೈಗೆ ಅಂಥ ಮಾತುಗಳು ಹೊಳೆಯವು. ಕೊಲ್ಲಲು ನಿಶ್ಚಯಿಸಿದವಳು ಮಕ್ಕಳ ನಗು ಕಂಡು ಕರಗುತ್ತಾಳೆ, ಬೇಡವೆನ್ನುತ್ತಾಳೆ, ಶತ್ರುಗಳ ನಗು ನೆನೆದು ಮತ್ತೆ ಗಟ್ಟಿಯಾಗುತ್ತಾಳೆ, ಅವರ ಮೆತ್ತನೆಯ ಮೈ ಮುಟ್ಟಿ ಮುದ್ದಿಸುತ್ತಲೇ ಒಳಗೆ ಕಳಿಸುತ್ತಾಳೆ. ಇಷ್ಟೆಲ್ಲ ಆದಮೇಲೆ ಶಿಕ್ಷೆಯೂ ಇಲ್ಲ! ಅಜ್ಜ ಸೂರ್ಯದೇವ ಕೊಟ್ಟ ರಥವೇರಿ, ಹೆಣಗಳೊಂದಿಗೆ ಗಂಡನ ತಲೆಯ ಮೇಲೆಯೇ ಹಾರಿಹೋಗುತ್ತಾಳೆ. ಹೋಗುವುದು ಎಲ್ಲಿಗೆ? ಪ್ರೇಕ್ಷಕರು ಕೂತಿರುವ ಅದೇ ಅಥೆನ್ಸಿಗೆ. ಅಲ್ಲಿನ ರಾಜ ಈಜಿಯಸ್ ಆಶ್ರಯ ಕೊಡುವುದಾಗಿ ಮೊದಲೇ ಆಣೆ ಮಾಡಿಬಿಟ್ಟಿದ್ದಾನೆ.