ಹುಳು ಜ್ವರಕ್ಕೆ ಕೂತಾಗ

ಉಯ್ಯಂಬಳ್ಳಿ ಕಡೆ ರೇಷ್ಮೆ ಹುಳುಮನೆಯಲ್ಲಿ ಗೂಡು ಬಿಡಿಸುವ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ಚೀಲ ಕಟ್ಟಿ ರಾಮನಗರದ ಮಾರುಕಟ್ಟೆ ಮುಟ್ಟಿಸಬೇಕು. ಅಲ್ಲಿ ಈಗ ನೂಲು ಬಿಚ್ಚುವ ರೀಲರುಗಳು ಮೊಬೈಲಿನಲ್ಲೇ ಲಾಟಿಗೆ ಬೆಲೆ ಒತ್ತುತ್ತಾರೆ. ತೂಕ, ದುಡ್ಡು ಎಲ್ಲವೂ ಕಂಪ್ಯೂಟರಿನ ಮೂಲಕ. ಗೂಡಿನೊಳಗಿನ ಕೋಶ ಮಾತ್ರ ಹಳೆಯ ಲೆಕ್ಕ ಬಿಟ್ಟಿಲ್ಲ. ಕೆಲವು ದಿನ ತಡವಾದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲಾಗದು. ಪಹಣಿಗೆ ಹೋದವನಿಗೆ ‘ಸರ್ವರ್ ಇಲ್ಲ, ನಾಳೆ ಬಾ’ ಎಂದರೆ ಬೈದುಕೊಂಡು ವಾಪಸಾಗುತ್ತಾನೆ. ಗೂಡು ತಂದವನಿಗೆ ಹಾಗೆ ಹೇಳುವಂತಿಲ್ಲ.

ಇಂಥ ಕೆಲಸ ನಿಲ್ಲದಿರಲೆಂದೇ ಹಲವು ಸರ್ವರುಗಳನ್ನು ಒಟ್ಟಿಗೆ ಕಟ್ಟಿ ಕ್ಲಸ್ಟರ್ ಮಾಡುವುದು. ಲಿನಕ್ಸ್‌ನಲ್ಲಿ ಇದಕ್ಕೆ ಹೆಸರಾದ ಜೋಡಿ ಕೊರೊಸಿಂಕ್ ಮತ್ತು ಪೇಸ್‌ಮೇಕರ್, ಎರಡೂ ಮುಕ್ತ ತಂತ್ರಾಂಶ. ಮೊದಲನೆಯದು ಯಂತ್ರಗಳ ನಡುವೆ ‘ಇದ್ದೀಯಾ?’ ಎಂದು ವಿಚಾರಿಸುತ್ತಲೇ ಇರುತ್ತದೆ. ಒಂದು ಉಸಿರೆತ್ತದಿದ್ದರೆ ಎರಡನೆಯದು ಅದರ ಕೆಲಸವನ್ನು ಪಕ್ಕದ ಯಂತ್ರಕ್ಕೆ ದಾಟಿಸುತ್ತದೆ. ಹೊಸ ಸವಲತ್ತೇನೂ ಇಲ್ಲದ, ಬರೀ ದುರಸ್ತಿಯ ಅಪ್‌ಡೇಟ್ ಬಂದಾಗ ಜಗಳ ಶುರು. ಓಡುತ್ತಿರುವುದನ್ನು ಮುಟ್ಟಬೇಕೋ ಬೇಡವೋ?

ಮುಟ್ಟಬೇಕು ಎನ್ನುವವರು 2018 ಅನ್ನು ತೋರಿಸುತ್ತಾರೆ. ಆ ವರ್ಷ ಕೊರೊಸಿಂಕ್‌ನಲ್ಲಿ ಒಂದು ದೋಷ ಸಿಕ್ಕಿತು. ಕ್ಲಸ್ಟರಿನ ಗುಪ್ತ ಕೀಲಿ ಗೊತ್ತಿಲ್ಲದವನೂ ಬೇಕೆಂದೇ ಕೆಡಿಸಿದ ಒಂದು ಪ್ಯಾಕೆಟ್ ಕಳಿಸಿ ಅದನ್ನು ಕೆಡವಬಹುದಿತ್ತು. ಕಾವಲುಗಾರನನ್ನೇ ಬೀಳಿಸಿದ ಮೇಲೆ ಮೂರು ಸರ್ವರ್ ಇದ್ದರೂ ಒಂದೇ, ಮೂವತ್ತಿದ್ದರೂ ಒಂದೇ. ಬಹಳ ದಿನ ಮುಟ್ಟದೆ ಬಿಟ್ಟರೆ ಇನ್ನೊಂದು ಸಂಕಟವಿದೆ: ಕೊರೊಸಿಂಕ್ 2 ಮತ್ತು 3 ಒಂದಕ್ಕೊಂದು ಮಾತಾಡುವುದಿಲ್ಲ. ಅಷ್ಟು ಹಿಂದೆ ಉಳಿದವರು ಸರ್ವರುಗಳನ್ನು ಒಂದೊಂದಾಗಿ ದಾಟಿಸುವ ಅನುಕೂಲ ಕಳೆದುಕೊಳ್ಳುತ್ತಾರೆ.

ಬೇಡ ಎನ್ನುವವರ ಕೈಲಿ 2024ರ ಮಾರ್ಚ್ ಇದೆ. ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ಸಾಧಾರಣ ತಂತ್ರಾಂಶದ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಅಡಗಿತ್ತು. ಲಾಗಿನ್ ಅರ್ಧ ಸೆಕೆಂಡು ತಡವಾಯಿತೆಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಹಳೆಯದರಲ್ಲೇ ಇದ್ದ ಸರ್ವರುಗಳಿಗೆ ಏನೂ ಆಗಲಿಲ್ಲ; ಸಿಕ್ಕಿಬೀಳುವಂತಿದ್ದವರು ಹೊಸದನ್ನು ಮೊದಲು ಹಾಕಿಕೊಂಡವರು. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು!

ನಾನೂ ಒಂದು ಕಾಲಕ್ಕೆ ‘ಬೇಡ’ ಪಕ್ಷ. ಬೆಂಗಳೂರಿನಲ್ಲಿ ಹಿಂದೆ ಕೆಲಸಕ್ಕಿದ್ದ ಕಡೆ ಎರಡೇ ನೋಡ್‌ಗಳ (ಯಂತ್ರಗಳ) ಕ್ಲಸ್ಟರ್. ಶುಕ್ರವಾರ ಸಂಜೆ ಒಂದಕ್ಕೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದೆವು. ಅದರ ನೆಟ್‌ವರ್ಕ್ ಏಳುವುದು ತಡವಾಯಿತು. ಎದ್ದದ್ದೇ ತಡ, ‘ಪಕ್ಕದವನು ಸತ್ತಿದ್ದಾನೆ’ ಎಂದುಕೊಂಡು ಅವನ ಕರೆಂಟು ಕಿತ್ತಿತು. ಅವನು ಎದ್ದು ಇವನದನ್ನು ಕಿತ್ತ. ಇಬ್ಬರೂ ಒಂದೇ ದತ್ತಾಂಶಕ್ಕೆ ಕೈ ಹಾಕಿ ಕೆಡಿಸದಿರಲೆಂದು ಇಟ್ಟ ವ್ಯವಸ್ಥೆಯೇ ಅದು, ತನ್ನ ಕೆಲಸ ತಾನು ನಿಷ್ಠೆಯಿಂದ ಮಾಡಿತು. ಮೂರು ಸುತ್ತು ನಡೆದ ಮೇಲೆ ಯಾರೋ ಹೋಗಿ ಕೇಬಲ್ ಎಳೆದರು.

ವರ್ಷಗಟ್ಟಲೆ ಆ ಕಥೆಯನ್ನು ಅಪ್‌ಡೇಟಿನ ತಪ್ಪೆಂದೇ ಹೇಳಿಕೊಂಡು ತಿರುಗಿದೆ. ತಪ್ಪು ನಮ್ಮದು. ನೋಡನ್ನು ಮೊದಲು ಸ್ಟ್ಯಾಂಡ್‌ಬೈಗೆ ಹಾಕಿ, ಕೆಲಸ ಖಾಲಿಮಾಡಿಸಿ, ಕ್ಲಸ್ಟರ್ ಸೇವೆ ನಿಲ್ಲಿಸಿ, ಆಮೇಲೆ ಕೈ ಹಾಕಬೇಕಿತ್ತು. ನಮ್ಮನೆಯಲ್ಲಿ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತರೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದೂ ಇಲ್ಲ. ಪೊರೆ ಬಿಟ್ಟು ಎದ್ದ ಮೇಲೇ ಮೇವು. ನಾಲ್ಕು ಜ್ವರ ನೋಡಿಕೊಂಡು ಬೆಳೆದವನಿಗೆ ಇದು ಹೊಳೆಯಲಿಲ್ಲ ನೋಡಿ.

ಹಾಗೆಂದು ‘ಒಂದೊಂದಾಗಿ ಹಾಕಿ’ ಎಂದಷ್ಟಕ್ಕೆ ಮುಗಿಯುವುದಿಲ್ಲ. ಮೂರರಲ್ಲಿ ಒಂದನ್ನು ಕೂರಿಸಿದಾಗ ಉಳಿದೆರಡಕ್ಕೆ ಬಹುಮತವಿರುತ್ತದೆ, ಸರಿ; ಆ ಹೊತ್ತಲ್ಲಿ ಇನ್ನೊಂದು ಕೆಟ್ಟರೆ ಎಲ್ಲವೂ ನಿಂತಿತು. ಆ ಹೊತ್ತಿನ ಅಪಾಯ ಯಾರ ತಲೆಗೆ ಎಂದು ಎರಡೂ ಪಕ್ಷದವರು ಕೇಳಿದ್ದನ್ನು ನಾನು ಕಂಡಿಲ್ಲ. ಕುರ್ಚಿಯಲ್ಲಿ ಕೂತವನಿಗೆ ರಾತ್ರಿ ಹನ್ನೊಂದೇ ಒಳ್ಳೆಯ ಹೊತ್ತು. ಆದರೆ ಆಗ ಹಾಕಿದ್ದು ಕೆಟ್ಟು ಬೆಳಗಿನ ತನಕ ಸರಿಹೋಗದಿದ್ದರೆ, ಹರಾಜು ಶುರುವಾಗುವ ಹೊತ್ತಿಗೆ ಚೀಲದ ಪಕ್ಕ ಕೂತವನು ಬೇರೆ. ಹಾಕಬೇಕು ಎಂಬ ಕಡೆಗೇ ಈಗ ನನ್ನ ಮನಸ್ಸು. ದಿನ ಗೊತ್ತುಮಾಡುವ ಮುಂಚೆ ಮಾತ್ರ ಊರಿಗೆ ಫೋನ್ ಮಾಡಿ ಕೇಳುತ್ತೇನೆ: ‘ಅಪ್ಪಾ, ಹುಳ ಎಷ್ಟನೇ ಜ್ವರದಲ್ಲಿ ಅವೆ?’