‘ಅಂತೆ’ಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹೋದ ವಾರ ಚಿತ್ರದುರ್ಗದ ಕಡೆಯಿಂದ ಒಬ್ಬ ತಾಯಿ ಬರೆದಿದ್ದರು. ಮಗಳು ಡಿಗ್ರಿವರೆಗೂ ಕನ್ನಡ ಮಾಧ್ಯಮ, ಈಗ ಎಂಎಸ್‌ಡಬ್ಲ್ಯೂ ಸೇರಿದ್ದಾಳೆ. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಹೋಗಿ ಬಂದವಳು ಯಾರ ಮನೇಲಿ ಏನಾಯ್ತು, ಯಾರು ಏನಂದ್ರು ಎಲ್ಲ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಾಳಂತೆ. ರಾತ್ರಿ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯೋಕೆ ಕೂತಾಗ ಮಾತ್ರ ಅಳ್ತಾಳಂತೆ. “ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಆರು ಸಾವಿರ ಕೇಳ್ತಿದಾರೆ, ಸೇರಿಸಲಾ? ಇಲ್ಲಾ ಇದನ್ನ ಬಿಡಿಸಿ ಬಿ.ಎಡ್. ಮಾಡಿಸಲಾ?” ಅಂತ ಕೇಳಿದ್ದಾರೆ.

ಬಿಡಿಸಬೇಡಿ ಅಮ್ಮಾ. ಇದನ್ನು ಮೊದಲೇ ಹೇಳಿಬಿಡ್ತೀನಿ, ಉಳಿದದ್ದು ಸ್ವಲ್ಪ ಉದ್ದದ ಕಥೆ.

ನಾನು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಈಚೆಗೆ ಫೀಲ್ಡ್‌ವರ್ಕಿಗೆ ಬರುವ ವಿದ್ಯಾರ್ಥಿಗಳ ರಿಪೋರ್ಟ್ ನೋಡುವುದೂ ನನ್ನ ಪಾಲಿಗಿದೆ. ಮೊನ್ನೆ ಒಂದು ಹುಡುಗಿ ಗೃಹಭೇಟಿ ಮುಗಿಸಿ ಬಂದಳು. ಮೂರು ವಾರದಿಂದ ಶಾಲೆಗೆ ಬಾರದ ಹುಡುಗನೊಬ್ಬನ ಮನೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ರಿಪೋರ್ಟಿನಲ್ಲಿ ನಾಲ್ಕೇ ಸಾಲು. ‘ಫ್ಯಾಮಿಲಿ ಈಸ್ ವೆರಿ ಪೂರ್. ಫಾದರ್ ಈಸ್ ಡ್ರಂಕರ್ಡ್. ಮದರ್ ಈಸ್ ಕೇರ್‌ಲೆಸ್. ಐ ಗೇವ್ ಕೌನ್ಸೆಲಿಂಗ್.’

ನಾನು ಹಾಳೆ ಮಡಚಿಟ್ಟು, “ಈಗ ಕನ್ನಡದಲ್ಲಿ ಹೇಳು” ಅಂದೆ. ಇಪ್ಪತ್ತು ನಿಮಿಷ ಹೇಳಿದಳು. ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಹೂವಿನ ಮಾರ್ಕೆಟ್ಟಿಗೆ ಹೋಗ್ತಾಳೆ. ಮನೇಲಿ ಒಂಬತ್ತು ತಿಂಗಳ ಕೂಸಿದೆ, ನೋಡ್ಕೊಳ್ತಿದ್ದ ಅಜ್ಜಿ ತೀರಿಕೊಂಡಳು. ಅದಕ್ಕೇ ಹುಡುಗ ಕೂಸನ್ನು ಎತ್ತಿಕೊಂಡು ಮನೇಲಿರ್ತಾನೆ. ಶಾಲೆಯ ಚೀಲ ಮೊಳೆಗೆ ನೇತುಹಾಕಿದೆ, ಅದರ ಮೇಲೆ ಧೂಳು ಕೂತಿಲ್ಲ. ಅವನೇ ದಿನಾ ಒರೆಸ್ತಾನೆ. ಇಷ್ಟನ್ನೂ ನೋಡಿ, ಕೇಳಿ, ನೆನಪಿಟ್ಟುಕೊಂಡು ಬಂದ ಹುಡುಗಿ ಬರೆದದ್ದು ‘ಮದರ್ ಈಸ್ ಕೇರ್‌ಲೆಸ್’.

“ಯಾಕೆ ಹಾಗೆ ಬರೆದೆ?” ಅಂದೆ.

ತಲೆ ತಗ್ಗಿಸಿದಳು. “ಮ್ಯಾಮ್, ಅಜ್ಜಿ ಹೋದ ಮೇಲೆ ಕೂಸನ್ನ ನೋಡ್ಕೊಳ್ಳೋರಿಲ್ಲ ಅನ್ನೋದನ್ನ ಹೇಗೆ ಬರೀಬೇಕು ಗೊತ್ತಾಗ್ಲಿಲ್ಲ. ಕೇರ್‌ಲೆಸ್ ಅನ್ನೋ ಪದ ಗೊತ್ತಿತ್ತು.”

ನನಗೆ ಬೈಯಲು ಬಾಯಿ ಬರಲಿಲ್ಲ. ಇದೇ ಹುಡುಗಿ ಆ ವಾರವೇ ಟೆಸ್ಟಿನಲ್ಲಿ ಬೀಸ್ಟೆಕ್ ಅವರ ಏಳು ತತ್ವಗಳನ್ನು ತಪ್ಪಿಲ್ಲದೆ ಬರೆದಿದ್ದಳು. 1957ರಲ್ಲಿ ಬಂದ ಪುಸ್ತಕದವು, ನಮ್ಮ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ಅದರಲ್ಲೊಂದು ‘ನಾನ್-ಜಡ್ಜ್‌ಮೆಂಟಲ್ ಆಟಿಟ್ಯೂಡ್’, ಅಂದರೆ ಎದುರಿಗಿರುವವರ ಮೇಲೆ ತೀರ್ಪು ಕೊಡದಿರುವುದು. ತತ್ವ ಗೊತ್ತು, ಮನಸ್ಸೂ ಒಳ್ಳೇದು. ಆದರೂ ಪದ ಸಾಲದೆ ಒಬ್ಬ ತಾಯಿಯ ಮೇಲೆ ತೀರ್ಪು ಬಿದ್ದುಹೋಯಿತು.

ಸರಿ, ‘ಡ್ರಂಕರ್ಡ್’ ಎಲ್ಲಿಂದ ಬಂತು? “ನೀನು ನೋಡಿದ್ಯಾ?” “ಇಲ್ಲ ಮ್ಯಾಮ್. ಪಕ್ಕದ ಮನೆ ಅಜ್ಜಿ ಅಂದ್ರು, ದಿನಾ ಕುಡೀತಾನಂತೆ.”

ಆ ‘ಅಂತೆ’ ನೋಡಿ. ನಮ್ಮ ಭಾಷೆಯಲ್ಲಿ ಎಷ್ಟು ಸಣ್ಣ ಬಾಲ, ಎಷ್ಟು ದೊಡ್ಡ ಕೆಲಸ! ‘ಕುಡೀತಾನೆ’ ಅಂದರೆ ನನಗೆ ಗೊತ್ತು. ‘ಕುಡೀತಾನಂತೆ’ ಅಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ಸೊಪ್ಪು ಮಾರೋ ಅಜ್ಜಿಯೂ ಇದನ್ನು ತಪ್ಪಿಲ್ಲದೆ ಬಳಸುತ್ತಾಳೆ. ನಮ್ಮ ಹುಡುಗರು ಇಂಗ್ಲಿಷಿಗೆ ದಾಟುವಾಗ ಮೊದಲು ಉದುರಿ ಹೋಗುವುದು ಈ ಬಾಲವೇ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಅಂಟಿಸಲು ಅಂಥದ್ದೊಂದಿಲ್ಲ. ಅದಕ್ಕೇ ಬೇರೆ ಮಾತು ಸೇರಿಸಬೇಕು. ‘ದ ನೇಬರ್ ರಿಪೋರ್ಟೆಡ್ ದಟ್…’ ಅಂದರೆ ನೆರೆಯವರು ಹೀಗೆ ಹೇಳಿದರು. ‘ದ ಮದರ್ ಸ್ಟೇಟೆಡ್…’ ತಾಯಿಯೇ ಬಾಯಿಬಿಟ್ಟು ಹೇಳಿದ್ದು. ‘ಅಲೆಜ್ಡ್’ ಅಂದರೆ ಆರೋಪ, ಇನ್ನೂ ರುಜುವಾತಾಗಿಲ್ಲ. ‘ಅಬ್ಸರ್ವ್ಡ್’ ನಾನೇ ಕಣ್ಣಾರೆ ಕಂಡದ್ದು. ‘ಅಪಿಯರ್ಡ್’ ನನಗೆ ಹಾಗೆ ಅನ್ನಿಸಿದ್ದು. ಸಮಾಜಕಾರ್ಯದ ಇಂಗ್ಲಿಷಿನ ಅರ್ಧ ಬಂಡವಾಳ ಈ ಐದು ಕ್ರಿಯಾಪದಗಳಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಇದು ಹೊಸ ಮಾತೇನಲ್ಲ. ಮೇರಿ ರಿಚ್ಮಂಡ್ 1917ರಲ್ಲಿ ‘ಸೋಷಿಯಲ್ ಡಯಾಗ್ನೋಸಿಸ್’ ಬರೆದಾಗ ಪುಸ್ತಕದ ಮೊದಲ ಭಾಗವನ್ನು ಸಾಕ್ಷ್ಯದ ವಿಚಾರಕ್ಕೇ ಇಟ್ಟಿದ್ದರು. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು. ನಮ್ಮ ಅಜ್ಜಿಯಂದಿರಿಗೆ ಒಂದು ‘ಅಂತೆ’ ಸಾಕಾಗಿತ್ತು!

ಇನ್ನು ಪದಗಳ ಗುಂಡಿಗಳು. ಮೊದಲನೆಯದು ‘ಬೈಯೋದು’. ‘ದಿನಾ ಬೈತಾನೆ’ ಅನ್ನುವುದನ್ನು ಮಕ್ಕಳು ‘ಹಸ್ಬೆಂಡ್ ಸ್ಕೋಲ್ಡ್ಸ್ ಹರ್ ಡೈಲಿ’ ಅಂತ ಬರೆಯುತ್ತಾರೆ. ಇಂಗ್ಲಿಷಿನ ‘ಸ್ಕೋಲ್ಡ್’ ಹೋಂವರ್ಕ್ ಮಾಡದ ಮಗುವಿಗೆ ಮೇಷ್ಟ್ರು ಗದರುವ ಮಟ್ಟದ್ದು. ಆ ಹೆಂಗಸು ಕೇಳಿಸಿಕೊಂಡದ್ದು ಬರೆಯಲಾಗದಂಥ ಮಾತುಗಳನ್ನು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಮಾತಿನ ಮತ್ತು ಮಾನಸಿಕ ಹಿಂಸೆಯನ್ನೂ ಹಣಕಾಸಿನ ಹಿಂಸೆಯನ್ನೂ ಹೆಸರಿಟ್ಟು ಹೇಳುತ್ತದೆ. ‘ವರ್ಬಲ್ ಅಬ್ಯೂಸ್’ ಅಂತ ಬರೆದು, ಏನು ಅಂದ ಎನ್ನುವುದನ್ನು ಅವಳ ಮಾತಲ್ಲೇ ಕೊಟ್ಟರೆ ಅದು ಕಾನೂನಿಗೆ ತಗಲುತ್ತದೆ. ‘ಸ್ಕೋಲ್ಡ್ಸ್’ ಅಂತ ಬರೆದರೆ ಓದುವವರು, ಎಲ್ಲರ ಮನೇಲೂ ಇದ್ದದ್ದೇ ಅಂತ ಪುಟ ತಿರುಗಿಸುತ್ತಾರೆ. ಹಾಗೇ ‘ಸಂಬಳ ಕಿತ್ಕೋತಾನೆ’ ಅನ್ನುವುದು ‘ಎಕನಾಮಿಕ್ ಅಬ್ಯೂಸ್’. ಎಷ್ಟೋ ರಿಪೋರ್ಟುಗಳಲ್ಲಿ ಅದು ‘ಮನಿ ಪ್ರಾಬ್ಲಮ್’ ಆಗಿ ಮುಗಿದಿರುತ್ತದೆ.

ಎರಡನೆಯದು ನೆಂಟಸ್ತಿಕೆ. ‘ಹುಡುಗಿಯನ್ನು ಅಂಕಲ್ ಮನೆಗೆ ಕಳಿಸಿದ್ದಾರೆ.’ ಯಾವ ಅಂಕಲ್ ತಾಯಿ? ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ, ಅಪ್ಪನ ಗೆಳೆಯನೋ? ನಮ್ಮ ಕಡೆ ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ಪದ್ಧತಿ ಇರುವ ಮನೆಗಳು ಎಷ್ಟಿಲ್ಲ? ಹದಿನಾಲ್ಕು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಮಾವನ ಮನೇಲಿಟ್ಟಿದ್ದಾರೆ ಅಂದರೆ ಕನ್ನಡ ಬಲ್ಲವರ ಕಿವಿ ತಟ್ಟನೆ ನೆಟ್ಟಗಾಗುತ್ತದೆ. ‘ಅಂಕಲ್’ ಅಂದರೆ ಯಾರ ಕಿವಿಯೂ ಏಳಲ್ಲ. ‘ಮದರ್ಸ್ ಯಂಗರ್ ಬ್ರದರ್, ಏಜ್ಡ್ 26, ಅನ್‌ಮ್ಯಾರಿಡ್’ ಅಂತ ಉದ್ದಕ್ಕೇ ಬರೀರಿ. ಜಾಗ ಹೋದರೆ ಹೋಗಲಿ.

‘ಬೇಜಾರು’ ಇನ್ನೊಂದು. ಕೆಲಸವಿಲ್ಲದೆ ಹೊತ್ತು ಹೋಗದಿದ್ದರೂ ಬೇಜಾರು, ಗಂಡ ಸತ್ತರೂ ಬೇಜಾರು. ಅದನ್ನು ‘ಬೋರ್’ ಅಂತ ಬರೆದವರನ್ನೂ ನೋಡಿದ್ದೇನೆ, ‘ಡಿಪ್ರೆಶನ್’ ಅಂತ ಬರೆದವರನ್ನೂ. ಎರಡನೆಯದು ಕಾಯಿಲೆಯ ಹೆಸರು, ಅದನ್ನು ಹೇಳಬೇಕಾದವರು ವೈದ್ಯರು. ನಾವು ಅವರ ಪದವನ್ನೇ ಇಟ್ಟು, ಮುಂದೆ ‘ಊಟ ಸೇರಲ್ಲ, ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ, ಹಟ್ಟಿಯವರ ಜೊತೆ ಮಾತಿಲ್ಲ’ ಎಂದು ಕಂಡದ್ದು ಕೇಳಿದ್ದನ್ನು ಬರೆದರೆ ಸಾಕು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದಿದ್ದ ಸಂಸಾರದ ಹುಡುಗ, ಒಂಬತ್ತು ವರ್ಷ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನು ಮಕ್ಕಳ ಮನೆಯೊಂದರಲ್ಲಿದ್ದ. ತಾಯಿ ಅಷ್ಟು ಹೊತ್ತಿಗೆ ಊರಿಗೆ ವಾಪಸಾಗಿದ್ದಳು. ನಾನು ಹುಡುಕಿಕೊಂಡು ಹೋದೆ. “ಈಗ ಒಲ್ಲೆರಿ ಅಕ್ಕಾರ. ಈ ಸುಗ್ಗಿ ಒಂದ್ ಮುಗೀಲಿ, ಆಮ್ಯಾಗ ಕರಕೊಂಡ್ ಬರ್ತೀನಿ” ಅಂದಳು. ನಾನು ಮೈಸೂರು ಕಡೆಯವಳು. ‘ಒಲ್ಲೆ’ ಅನ್ನುವುದು ನನ್ನ ಕಿವಿಗೆ ಬಾಗಿಲು ಹಾಕಿದ ಹಾಗೆ ಕೇಳಿಸಿತು. ಬಸ್ಸಿನಲ್ಲಿ ಬರುತ್ತಾ ಇಂಗ್ಲಿಷಿನ ವಾಕ್ಯ ಜೋಡಿಸಿಕೊಂಡೆ: ‘ಮದರ್ ರಿಫ್ಯೂಸ್ಡ್ ಟು ಟೇಕ್ ದ ಚೈಲ್ಡ್.’ ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಹೆಮ್ಮೆಯೂ ಆಗಿತ್ತು ಅಂತ ಒಪ್ಪಿಕೊಳ್ತೀನಿ.

‘ಈಗ’ ಎಂಬ ಪದ ಬಿಟ್ಟುಹೋಗಿತ್ತು. ‘ಸುಗ್ಗಿ’ ಬಿಟ್ಟುಹೋಗಿತ್ತು. ಕಡತ ಓದಿದವರಿಗೆ ಅವಳು ಮಗನನ್ನು ಬೇಡವೆಂದ ತಾಯಿ. ಸುಗ್ಗಿ ಮುಗಿಸಿ, ಸಾಲ ತೀರಿಸಿ, ಹೊಸ ಅಂಗಿ ಹೊಲಿಸಿಕೊಂಡು ಅವಳು ಬಂದಾಗ, “ನೀನೇ ಬೇಡ ಅಂದಿದ್ದೀಯಲ್ಲ, ಬರೆದಿದೆ” ಅಂದರು. ಅದನ್ನು ಸರಿಮಾಡಿಸಲು ನಾನು ಓಡಾಡಿದ್ದು, ಹೊಸ ವರದಿ, ಮತ್ತೆ ವಿಚಾರಣೆ ಎಲ್ಲ ಸೇರಿ ಹುಡುಗ ಇನ್ನೂ ಐದು ತಿಂಗಳು ಅಲ್ಲೇ ಇದ್ದ. ಅಂಗಿ ಅಷ್ಟರಲ್ಲಿ ಬಿಗಿಯಾಗಿತ್ತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ನೀವು ಬರಕೊಂಡ್ ಹೋದ್ರಲ್ರಿ ಅಕ್ಕಾರ, ಏನ್ ಬರಕೊಂಡ್ರಿ?” ಅಂತ ಮಾತ್ರ ಕೇಳಿದಳು.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಯಲ್ಲಿಡುವುದು ಕಡೆಯ ದಾರಿಯಾಗಿರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಅದೇ ಪಟ್ಟಿಯಲ್ಲಿ, ಮಗುವಿಗೆ ಕಳಂಕ ಹಚ್ಚುವ, ದೂಷಿಸುವ ಪದ ಬಳಸಬಾರದು ಎಂಬ ತತ್ವವೂ ಇದೆ. ಅದಕ್ಕೇ ‘ಅಪರಾಧಿ ಬಾಲಕ’ ಹೋಗಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಬಂದಿದೆ. ಉದ್ದ ಆಯ್ತು ಅಂತ ನಗುವವರಿದ್ದಾರೆ. 1912ರ ಕಾಯ್ದೆಯಲ್ಲಿ ಮನೋರೋಗಿಯನ್ನು ‘ಲೂನಟಿಕ್’ ಅಂತಲೇ ಕರೆದಿದ್ದರು, ಅದು ಗಿಡ್ಡವಾಗೇ ಇತ್ತು.

ಹಾಗಾದರೆ ಇಂಗ್ಲಿಷೇ ಯಾಕೆ ಬೇಕು ಅಂತ ಕೇಳಬಹುದು. ಜಿಲ್ಲೆಯ ಎಷ್ಟೋ ಕಚೇರಿಗಳಲ್ಲಿ ಕನ್ನಡದ ವರದಿ ನಡೆಯುತ್ತದೆ, ನಡೆಯಬೇಕು ಕೂಡ. ಆದರೆ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಿಕ್ಕ ಮಗು ಬಿಹಾರದ್ದೋ ಒಡಿಶಾದ್ದೋ ಆದರೆ ಕಾಗದ ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು. ದೊಡ್ಡಾಸ್ಪತ್ರೆಯ ಫೈಲು, ದುಡ್ಡು ಕೊಡುವ ಸಂಸ್ಥೆಗಳ ವರದಿ, ಹೈಕೋರ್ಟು ಎಲ್ಲ ಇಂಗ್ಲಿಷು. ಅಲ್ಲಿ ಆ ತಾಯಿಯ ಪರವಾಗಿ ಮಾತಾಡಲು ಇರುವುದು ನಮ್ಮ ಹುಡುಗಿ ಬರೆದ ಪುಟ ಒಂದೇ.

ನಾನು ಈಗ ವಿದ್ಯಾರ್ಥಿಗಳಿಗೆ ಮಾಡಿಸುವುದು ಹೀಗೆ. ಟಿಪ್ಪಣಿ ಕನ್ನಡದಲ್ಲೇ ಬರೀರಿ, ಅವರು ಅಂದ ಮಾತು ಅಂದ ಹಾಗೆ, ‘ಒಲ್ಲೆ’ ಇದ್ದರೆ ‘ಒಲ್ಲೆ’. ಆಮೇಲೆ ಅಂಚಿನಲ್ಲಿ ಪ್ರತಿ ಸಾಲಿಗೂ ಒಂದಕ್ಷರ: ಕಂಡದ್ದಕ್ಕೆ ‘ಕಂ’, ಹೇಳಿದ್ದಕ್ಕೆ ‘ಹೇ’, ನಮಗನ್ನಿಸಿದ್ದಕ್ಕೆ ‘ಅ’. ‘ಹೇ’ ಇದ್ದಲ್ಲಿ ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಇರಲೇಬೇಕು. ಅದಾದ ಮೇಲೆ ಇಂಗ್ಲಿಷು, ಪುಟ್ಟ ಪುಟ್ಟ ವಾಕ್ಯ. ‘ರಿಫ್ಯೂಸ್ಡ್’ಗೂ ‘ಡಿನೈಡ್’ಗೂ ನಾವು ಎರಡಕ್ಕೂ ‘ನಿರಾಕರಿಸಿದರು’ ಅಂದುಬಿಡ್ತೀವಿ. ಮೊದಲನೆಯದು ಮಾಡಲು ಒಪ್ಪದಿರುವುದು, ಎರಡನೆಯದು ಹಾಗೆ ನಡೆದೇ ಇಲ್ಲ ಅನ್ನುವುದು. ಇಂಥ ಜೋಡಿಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸೇರಿಸುತ್ತಾ ಹೋಗಲಿ. ಕೊನೆಗೆ ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಆ ತಾಯಿ ಎದುರಿಗೆ ಕೂತಿದ್ದರೆ ‘ಹೂಂ, ನಾನು ಹಾಗೇ ಅಂದೆ’ ಅನ್ನುತ್ತಾಳಾ? ಅನುಮಾನ ಬಂದರೆ ವಾಕ್ಯ ಹೊಡೆದುಹಾಕಿ.

ಈಗಿನ ಮಕ್ಕಳು ಮೊಬೈಲಿಗೆ ಹಾಕಿ ಅನುವಾದ ಮಾಡಿಸುತ್ತಾರೆ. ನಾನು ಬೇಡ ಅನ್ನಲ್ಲ, ಆದರೆ ಮಗುವಿನ ಹೆಸರು, ಊರು, ಶಾಲೆ ಅದಕ್ಕೆ ಕೊಡಬೇಡಿ. ಗುರುತು ಕಾಪಾಡುವುದು ನಮ್ಮ ಕೆಲಸದ ಮೊದಲ ಪಾಠ. ಆಮೇಲೆ ಅದು ‘ಅಂತೆ’ಯನ್ನು ಎಲ್ಲಿ ನುಂಗಿದೆ ಅಂತ ಸಾಲು ಸಾಲೂ ನೋಡಿ.

ಆ ಹೂವಿನ ಮಾರ್ಕೆಟ್ ತಾಯಿಯ ರಿಪೋರ್ಟ್ ಮತ್ತೆ ಬರೆಸಿದೆ. ಎರಡು ಪುಟ ಆಯಿತು. ಆರ್ಟಿಕಲ್‌ಗಳು ಅಲ್ಲಲ್ಲಿ ತಪ್ಪಿವೆ, ‘ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಹಾಗೇ ಇದೆ, ನಾನು ಕೆಂಪು ಪೆನ್ನು ಹಿಡಿಯಲಿಲ್ಲ. ‘ಕೇರ್‌ಲೆಸ್’ ಹೋಗಿತ್ತು. ಅಜ್ಜಿ ತೀರಿಕೊಂಡ ತಿಂಗಳು, ತಾಯಿಯ ಕೆಲಸದ ಹೊತ್ತು, ಕೂಸಿನ ವಯಸ್ಸು ಎಲ್ಲ ಇತ್ತು. ಓದಿದ ಮುಖ್ಯೋಪಾಧ್ಯಾಯಿನಿ ಹಾಜರಿ ಪುಸ್ತಕ ಬದಿಗಿಟ್ಟು, ಹತ್ತಿರದಲ್ಲಿ ಕೂಸಿನ ಮನೆ ಎಲ್ಲಿದೆ ಅಂತ ಫೋನ್ ಮಾಡಲು ಶುರುಮಾಡಿದರು. ಇನ್ನೂ ಜಾಗ ಸಿಕ್ಕಿಲ್ಲ, ಹುಡುಕ್ತಾ ಇದ್ದೇವೆ.

ಚಿತ್ರದುರ್ಗದ ಅಮ್ಮಾ, ಆರು ಸಾವಿರದ ಕ್ಲಾಸಿನ ವಿಚಾರಕ್ಕೆ ಬರ್ತೀನಿ. ಆಸ್ಪತ್ರೆಗೆ ಫೋನ್ ಮಾಡುವಾಗ, ನಾಲ್ಕು ಜನರ ಮುಂದೆ ಕೇಸ್ ಹೇಳುವಾಗ ಮಗಳಿಗೆ ನಾಲಿಗೆ ತಡವರಿಸಿದರೆ ರಜೆಯಲ್ಲಿ ಸೇರಿಸಿ, ಧೈರ್ಯ ಬರುತ್ತೆ. ರಿಪೋರ್ಟಿಗೆ ಆ ಕ್ಲಾಸು ಬೇಕಾಗಿಲ್ಲ. ಅವಳು ಫೀಲ್ಡಿಂದ ಬಂದು ನಿಮ್ಮ ಹತ್ತಿರ ಹೇಳ್ತಾಳಲ್ಲ, ಅದನ್ನು ಹೆಸರು ಬಿಟ್ಟು ಹೇಳಲಿ. ನೀವು ಒಗ್ಗರಣೆ ಹಾಕ್ತಾ ಹಾಕ್ತಾನೇ ನಡುನಡುವೆ ಒಂದು ಪ್ರಶ್ನೆ ಕೇಳಿ: “ನೀನೇ ನೋಡಿದ್ಯಾ, ಯಾರಾದ್ರೂ ಹೇಳಿದ್ರಾ?”