ಬಂಗಲೆ ನೋಡಿದವರು ಲೈನೂ ನೋಡಲಿ

ಕೆ.ಜಿ.ಎಫ್.ಗೆ 1880ರಲ್ಲಿ ಕಾಲಿಟ್ಟ ಜಾನ್ ಟೇಲರ್ ಮನೆತನದ ಕಂಪೆನಿ ಕಾಲದ ಬಂಗಲೆಗಳನ್ನು ನೋಡಲು ರಜೆ ಬಂತೆಂದರೆ ಬೆಂಗಳೂರಿನ ಜನ ಹಾಜರ್. ವರಾಂಡದಲ್ಲಿ ನಿಂತು ಒಂದು ಫೋಟೋ, ‘ಮಿನಿ ಇಂಗ್ಲೆಂಡ್’ ಎಂಬ ಉದ್ಗಾರ. ಅಷ್ಟೇ, ವಾಪಸ್!

ಬಂಗಲೆಗಳು ಚೆನ್ನಾಗಿಯೇ ಇದ್ದವು, ಯಾರು ಇಲ್ಲವೆಂದರು? ಎತ್ತರದ ಚಾವಣಿ, ಸುತ್ತ ತೋಟ, ಸಾಹೇಬರ ಠೀವಿ. ಆದರೆ ಭೂಮಿಯೊಳಗೆ 3 ಕಿಲೋಮೀಟರಿಗೂ ಆಳ ಇಳಿದು ಕಲ್ಲು ಒಡೆದವನ ಸಂಸಾರ ನಡೆದದ್ದು ಕೂಲಿ ಲೈನಿನ ಇಕ್ಕಟ್ಟು ಕೋಣೆಯಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆದು ತಂದದ್ದೂ ಗಣಿಗೆಂದು, ಲೈನಿಗೆಂದಲ್ಲ.

2001ರಲ್ಲಿ ಗಣಿಗೆ ಬೀಗ ಬಿತ್ತು. ಪಾಳುಬಿದ್ದ ಬಂಗಲೆ ಉಳಿಸಿ ಎನ್ನುವ ಮಹನೀಯರು, ಖಾಲಿ ಬಿದ್ದ ಒಂದು ಸಾಲು ಲೈನ್ ಮನೆಯನ್ನೂ ಸರ್ಕಾರಕ್ಕೆ ಹೇಳಿ ಉಳಿಸಲಿ. ಪ್ರವಾಸಿಗರು ಅದರೊಳಗೂ ಐದು ನಿಮಿಷ ನಿಲ್ಲಲಿ. ಬೇಕಾದರೆ ಅಲ್ಲೂ ಫೋಟೋ ತೆಗೆಯಲಿ!